ಮಗುವಿನ ಕೈಗೆ ಸಿಗುವ ಭೂಮಿ

(ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರಾವರ್ತನೆಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ವಿಷಯ ಬರುವಲ್ಲಿಯೇ ಸೇರಿಸಿದ್ದೇನೆ.)

ಶಿಕ್ಷಕ ಬಂಧುಗಳೇ, ಪೋಷಕರೇ,

1980ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ, ಪದವಿಯ ನಿಲುವಂಗಿಯನ್ನು ಇನ್ನೂ ಕಳಚಿರದ ವಿದ್ಯಾರ್ಥಿಗಳನ್ನೂ ಅಲ್ಲಿದ್ದ ಕೆಲವು ಅಧ್ಯಾಪಕರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ನಿಲ್ಲಿಸಿ, ಬೇಸಿಗೆ ಮತ್ತು ಚಳಿಗಾಲ ಏಕೆ ಬರುತ್ತವೆ, ಚಂದ್ರನ ಆಕಾರ ದಿನದಿಂದ ದಿನಕ್ಕೆ ಏಕೆ ಬದಲಾಗುತ್ತದೆ ಎಂಬಂಥ ಪ್ರಶ್ನೆಗಳನ್ನು ಕೇಳಲಾಯಿತು. ಉತ್ತರಿಸಿದ 23 ಮಂದಿಯಲ್ಲಿ 21 ಮಂದಿಯ ವಿವರಣೆ ತಪ್ಪಾಗಿತ್ತು. ಋತುಗಳ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬಂದ ಉತ್ತರವೆಂದರೆ, ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಸರಿದಾಗ ಚಳಿಗಾಲ ಎಂಬುದು.

ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ; ಆಗ ಅಂತರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ. ಆಗ ಅಂತರ ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರ್. ಉತ್ತರಾರ್ಧ ಗೋಳದಲ್ಲಿ ಚಳಿ ಕೊರೆಯುವ ಹೊತ್ತಿನಲ್ಲಿಯೇ ನಾವು ಸೂರ್ಯನಿಗೆ ಹೆಚ್ಚು ಹತ್ತಿರದಲ್ಲಿರುತ್ತೇವೆ, ಮತ್ತು ಅದೇ ಹೊತ್ತಿನಲ್ಲಿ ದಕ್ಷಿಣಾರ್ಧ ಗೋಳದಲ್ಲಿ ಬೇಸಿಗೆ ನಡೆದಿರುತ್ತದೆ. ಋತುಗಳಿಗೆ ಕಾರಣ ಭೂಮಿಯ ಅಕ್ಷವು ಸುಮಾರು 23.4 ಡಿಗ್ರಿ ವಾಲಿಕೊಂಡಿರುವುದು.

ಆ ಪದವೀಧರರನ್ನು ಹಳಿಯುವುದಕ್ಕಾಗಿ ನಾನು ಈ ಪ್ರಸಂಗವನ್ನು ತೆಗೆದುಕೊಳ್ಳಲಿಲ್ಲ. ಅಕ್ಷದ ವಾಲುವಿಕೆಯ ಪಾಠವನ್ನು ಅವರಲ್ಲಿ ಬಹಳಷ್ಟು ಮಂದಿ ಶಾಲೆಯಲ್ಲಿ ಕೇಳಿಯೇ ಇರಬೇಕು. ಒಲೆಯ ಹತ್ತಿರ ಹೋದರೆ ಬಿಸಿ, ದೂರ ಹೋದರೆ ತಂಪು ಎಂದು ಪ್ರತಿಯೊಂದು ಮಗುವೂ ತನ್ನ ಚರ್ಮದಿಂದಲೇ ಕಲಿತಿರುತ್ತದೆ. ಆ ಅನುಭವದ ಮುಂದೆ ಪಾಠದ ವಾಕ್ಯ ನಿಲ್ಲಲಾರದೆ ಹೋಯಿತು, ಏಕೆಂದರೆ ಆ ವಾಕ್ಯಕ್ಕೆ ಆಧಾರವಾಗಿ ಮಗು ಕಣ್ಣಾರೆ ಕಂಡದ್ದು ಏನೂ ಇರಲಿಲ್ಲ. ಇಂದಿನ ನನ್ನ ಮಾತೆಲ್ಲವೂ ಈ ಒಂದು ಕೊರತೆಯ ಸುತ್ತಲೇ ಇದೆ. ಭೂಮಿಯ ಬಗ್ಗೆ ನಾವು ಹೇಳುವ ಪ್ರತಿಯೊಂದು ಸಂಗತಿಯನ್ನೂ ಯಾರೋ ಒಬ್ಬರು ಯಾವುದೋ ದಾರಿಯಲ್ಲಿ ನಡೆದು ಕಂಡುಕೊಂಡಿದ್ದಾರೆ. ಆ ದಾರಿಯಲ್ಲಿ ಮಗುವೂ ಕೆಲವು ಹೆಜ್ಜೆಯಾದರೂ ನಡೆಯಬೇಕು. ಪರಿಸರದ ಬಗೆಗಿನ ಕಾಳಜಿಯನ್ನೂ ಇದೇ ದಾರಿಯಲ್ಲಿ ಕಲಿಸಬೇಕೆಂದು ನಾನು ನಂಬಿದ್ದೇನೆ.

ಮಕ್ಕಳು ತರಗತಿಗೆ ಖಾಲಿ ಮನಸ್ಸಿನಿಂದ ಬರುವುದಿಲ್ಲ. ಸ್ಟೆಲ್ಲಾ ವೊಸ್ನಿಯಾಡೌ ಮತ್ತು ವಿಲಿಯಂ ಬ್ರೂವರ್ ಎಂಬ ಇಬ್ಬರು ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು, ಮೂರು ಮತ್ತು ಐದನೆಯ ತರಗತಿಗಳ 60 ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ವಿಚಾರಿಸಿದರು. ಆಕಾರ ಯಾವುದೆಂದು ಕೇಳಿದರೆ ಬಹುತೇಕ ಮಕ್ಕಳು ದುಂಡಗೆ ಎಂದೇ ಹೇಳುತ್ತಿದ್ದರು. ಆದರೆ ನೇರವಾಗಿ ಎಷ್ಟೋ ದಿನ ನಡೆಯುತ್ತಲೇ ಹೋದರೆ ಎಲ್ಲಿಗೆ ತಲುಪುತ್ತೀರಿ, ಭೂಮಿಗೆ ಅಂಚು ಇದೆಯೇ ಎಂದು ಮುಂದುವರಿದು ಕೇಳಿದಾಗ ಒಳಗಿನ ಚಿತ್ರಗಳು ಹೊರಬಂದವು. ಕೆಲವರ ಪಾಲಿಗೆ ಭೂಮಿ ದುಂಡಗಿನ ತಟ್ಟೆ. ಕೆಲವರ ಪಾಲಿಗೆ ಎರಡು ಭೂಮಿಗಳು, ನಾವು ನಿಂತಿರುವ ಚಪ್ಪಟೆ ಭೂಮಿ ಒಂದು, ಆಕಾಶದಲ್ಲಿರುವ ದುಂಡು ಭೂಮಿ ಇನ್ನೊಂದು. ಮತ್ತೆ ಕೆಲವರ ಪ್ರಕಾರ ಭೂಮಿ ಟೊಳ್ಳು ಚೆಂಡು, ನಾವು ಅದರೊಳಗಿನ ಸಮತಟ್ಟಾದ ನೆಲದ ಮೇಲೆ ಇದ್ದೇವೆ. ಪ್ರಶ್ನೆ ಕೇಳುವ ಮತ್ತು ಚಿತ್ರ ಬರೆಸುವ ರೀತಿಯೇ ಇಂಥ ಉತ್ತರಗಳನ್ನು ಹೆಚ್ಚಿಸುತ್ತದೆ ಎಂದು ನಂತರದ ಸಂಶೋಧಕರು ಆಕ್ಷೇಪಿಸಿದ್ದಾರೆ, ಆ ಆಕ್ಷೇಪದಲ್ಲಿ ಹುರುಳಿದೆ. ಹಾಗಿದ್ದರೂ ಶಿಕ್ಷಕರಿಗೆ ಇದರಿಂದ ದೊರೆಯುವ ಪಾಠ ಬದಲಾಗುವುದಿಲ್ಲ. ಮಗು ಸರಿಯಾದ ಪದವನ್ನು ಉಚ್ಚರಿಸಿತೆಂದು ನಾವು ತೃಪ್ತರಾಗಬಾರದು. ಅದರ ಮುಂದಿನ ಪ್ರಶ್ನೆಯನ್ನು ಕೇಳಬೇಕು, ಉತ್ತರ ಎಷ್ಟೇ ವಿಚಿತ್ರವಾಗಿದ್ದರೂ ನಗದೆ ಕೇಳಿಸಿಕೊಳ್ಳಬೇಕು. ದುಂಡು ಎಂದು ಹಿರಿಯರು ಹೇಳುತ್ತಾರೆ, ಕಣ್ಣಿಗೆ ಕಾಣುವುದು ಸಮತಟ್ಟು; ಎರಡನ್ನೂ ಕೈಬಿಡದೆ ಹೊಂದಿಸಲು ಹೊರಟ ಮಗು ಮಾಡಿದ್ದು ವಿಜ್ಞಾನಿಯ ಕೆಲಸವನ್ನೇ.

ಆರಂಭಕ್ಕೆ ಒಂದು ಕೋಲು ಸಾಕು. ಬಿಸಿಲು ಚೆನ್ನಾಗಿ ಬೀಳುವ ಬಯಲಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಬೆಳಗ್ಗೆಯಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲನ್ನಿಡಲು ಮಕ್ಕಳಿಗೆ ಹೇಳಿ. ನೆರಳು ಅತಿ ಗಿಡ್ಡವಾಗುವ ಗಳಿಗೆ ಗಡಿಯಾರದ 12 ಗಂಟೆಗೆ ಸಾಮಾನ್ಯವಾಗಿ ಸರಿಹೊಂದುವುದಿಲ್ಲ ಎಂಬುದನ್ನು ಮಕ್ಕಳು ತಾವೇ ಗಮನಿಸುತ್ತಾರೆ, ಮತ್ತು ಅಲ್ಲಿಂದಲೇ ಗಡಿಯಾರದ ಕಾಲ ಬೇರೆ, ಸೂರ್ಯನ ಕಾಲ ಬೇರೆ ಎಂಬ ಮಾತು ಆರಂಭವಾಗುತ್ತದೆ. ತಿಂಗಳಿಗೊಮ್ಮೆಯಂತೆ ಒಂದು ವರ್ಷ ಆ ಗಿಡ್ಡ ನೆರಳನ್ನು ಅಳೆದು ಗೋಡೆಯ ಮೇಲಿನ ಕಾಗದದಲ್ಲಿ ಗುರುತಿಸುತ್ತ ಹೋದರೆ, ಸೂರ್ಯ ಮಧ್ಯಾಹ್ನದ ಆಕಾಶದಲ್ಲಿ ಏರುವ ಎತ್ತರ ಬದಲಾಗುತ್ತಿರುವುದು ಕಾಣುತ್ತದೆ. ಆಮೇಲೆ ಒಂದು ದಿನ ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಚೌಕಳಿ ಕಾಗದದ ಮೇಲೆ ಮೊದಲು ನೇರವಾಗಿಯೂ ಬಳಿಕ ಓರೆಯಾಗಿಯೂ ಬಿಟ್ಟು, ಬೆಳಕು ಬಿದ್ದ ಚೌಕಗಳನ್ನು ಎಣಿಸಿದರೆ, ಅಷ್ಟೇ ಬೆಳಕು ಹೆಚ್ಚು ಜಾಗಕ್ಕೆ ಹಂಚಿಹೋದದ್ದು ತಿಳಿಯುತ್ತದೆ. ಇಷ್ಟಾದ ಮೇಲೆ ಅಕ್ಷದ ವಾಲುವಿಕೆಯ ಮಾತನ್ನು ಎತ್ತಿದರೆ, ತಾನು ಕಂಡದ್ದಕ್ಕೆ ಕಾರಣ ಸಿಕ್ಕಿತೆಂದು ಮಗು ಅದನ್ನು ಸ್ವೀಕರಿಸುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ ಎಂದು ಸಭೆಯಲ್ಲಿ ಒಬ್ಬ ಶಿಕ್ಷಕಿ ಹೇಳಿದರು. ನಿಜ, ಹಿಡಿಯುತ್ತದೆ. ಆದರೆ ಇದಕ್ಕೆ ಬೇಕಾದದ್ದು ತಿಂಗಳಿಗೆ ಕಾಲು ಗಂಟೆ. ಉಳಿದ ಕಾಲವನ್ನು ಭೂಮಿಯೇ ತೆಗೆದುಕೊಳ್ಳುತ್ತದೆ.

ಇದೇ ಕೋಲಿನ ನೆರಳಿನಿಂದ ಎರಟೋಸ್ಥೆನಿಸ್ ಎಂಬ ಗ್ರೀಕ್ ವಿದ್ವಾಂಸ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಈಜಿಪ್ಟಿನ ಸೈಯೀನ್ ಎಂಬ ಊರಿನಲ್ಲಿ ಬೇಸಿಗೆಯ ಅತಿ ದೀರ್ಘ ದಿನದ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ, ಅದರ ಉತ್ತರಕ್ಕಿರುವ ಅಲೆಕ್ಸಾಂಡ್ರಿಯದಲ್ಲಿ ನೆರಳು ವೃತ್ತದ ಐವತ್ತನೆಯ ಒಂದು ಭಾಗದಷ್ಟು ಕೋನವನ್ನು ತೋರಿಸುತ್ತಿತ್ತು. ಎರಡು ಊರುಗಳ ಅಂತರವನ್ನು ಐವತ್ತರಿಂದ ಗುಣಿಸಿದರೆ ಇಡೀ ಭೂಮಿಯ ಸುತ್ತಳತೆ. ನೂರಾರು ಕಿಲೋಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಇನ್ನೊಂದು ಶಾಲೆಯ ಮಕ್ಕಳೊಡನೆ ಒಂದೇ ದಿನದ ಗಿಡ್ಡ ನೆರಳಿನ ಅಳತೆಯನ್ನು ಹಂಚಿಕೊಂಡರೆ ಹತ್ತು ಹನ್ನೆರಡು ವರ್ಷದವರು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಉತ್ತರ ಹತ್ತಿಪ್ಪತ್ತು ಶೇಕಡಾ ತಪ್ಪಿದರೂ ಚಿಂತೆಯಿಲ್ಲ. ಏಕೆ ತಪ್ಪಿತು ಎಂದು ಹುಡುಕುವುದರಲ್ಲಿಯೇ ಮಾಪನದ ಪಾಠವಿದೆ.

ಇನ್ನು ಮಣ್ಣಿಗೆ ಬರುತ್ತೇನೆ. ಚಿಕ್ಕ ಮಕ್ಕಳೊಡನೆ ಭೂವಿಜ್ಞಾನವನ್ನು ಆರಂಭಿಸಲು ಇದಕ್ಕಿಂತ ಉತ್ತಮವಾದ ವಸ್ತು ನನಗೆ ಕಂಡಿಲ್ಲ. ಪಾರದರ್ಶಕ ಬಾಟಲಿಯೊಂದಕ್ಕೆ ಮೂರನೆಯ ಒಂದು ಭಾಗ ಮಣ್ಣು, ಉಳಿದ ಭಾಗಕ್ಕೆ ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡುಮಣ್ಣು ಕೂರುತ್ತದೆ. ಜೇಡಿಯ ನಯವಾದ ಕಣಗಳು ದಿನಗಟ್ಟಲೆ ನೀರಿನಲ್ಲಿಯೇ ತೇಲಾಡುತ್ತಿರುತ್ತವೆ. ಒಣ ಎಲೆ, ಬೇರಿನ ಚೂರುಗಳು ಮೇಲೆ ನಿಲ್ಲುತ್ತವೆ. ಮಾರನೆಯ ದಿನ ಆ ಬಾಟಲಿಯಲ್ಲಿ ಕಾಣುವ ಪಟ್ಟೆಗಳಲ್ಲಿ ನದಿಯೊಂದು ಸರೋವರಕ್ಕೆ ಸೇರುವ ಕಡೆ ನಡೆಯುವ ಕೆಲಸದ ಮಾದರಿ ಇದೆ. ವೇಗವಾಗಿ ಹರಿಯುವ ನೀರು ದಪ್ಪ ಕಣಗಳನ್ನೂ ಹೊರುತ್ತದೆ, ನಿಂತ ನೀರು ಮಾತ್ರವೇ ಜೇಡಿಯನ್ನು ಕೆಳಗಿಳಿಸುತ್ತದೆ. ಇದನ್ನು ಕಂಡ ಮಗುವಿಗೆ ಒಂದು ಕಡೆ ಮರಳುಗಲ್ಲಿನ ಚೂರನ್ನೂ ಇನ್ನೊಂದು ಕಡೆ ಜೇಡಿಗಲ್ಲಿನ ಚೂರನ್ನೂ ಕೊಟ್ಟು, ಯಾವುದು ಹರಿಯುವ ನೀರಿನಲ್ಲಿ ಕೂತದ್ದು, ಯಾವುದು ನಿಂತ ನೀರಿನಲ್ಲಿ ಕೂತದ್ದು ಎಂದು ಕೇಳಿ ನೋಡಿ.

ಎರೆಹುಳುಗಳ ಬಗ್ಗೆ ಚಾರ್ಲ್ಸ್ ಡಾರ್ವಿನ್ ಮಾಡಿದ ಕೆಲಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1842ರಲ್ಲಿ ತನ್ನ ಮನೆಯ ಹತ್ತಿರದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಅವುಗಳನ್ನು ಹಾಗೆಯೇ ಬಿಟ್ಟು, 1871ರಲ್ಲಿ, ಅಂದರೆ 29 ವರ್ಷಗಳ ನಂತರ, ಅಲ್ಲಿ ಕಂದಕ ತೋಡಿಸಿ ನೋಡಿದಾಗ ಆ ಬಿಳಿಯ ಚೂರುಗಳ ಸಾಲು ಸುಮಾರು 18 ಸೆಂಟಿಮೀಟರ್ ಆಳದಲ್ಲಿತ್ತು. ಎರೆಹುಳುಗಳು ಕೆಳಗಿನ ನಯಮಣ್ಣನ್ನು ನುಂಗಿ ಮೇಲಕ್ಕೆ ತಂದು ಹಾಕುತ್ತ ಹೋದಂತೆ ಮೇಲಿದ್ದ ಸುಣ್ಣ ಮುಳುಗುತ್ತ ಹೋಗಿತ್ತು. ಮನೆಯಲ್ಲಿ ಕುಂಡಗಳಲ್ಲಿ ಹುಳುಗಳನ್ನು ಸಾಕಿ, ಅವುಗಳಿಗೆ ಶಬ್ದ ಕೇಳಿಸುತ್ತದೆಯೇ ಎಂದು ತಿಳಿಯಲು ಸೀಟಿ ಊದಿ, ವಾದ್ಯ ನುಡಿಸಿ ಪರೀಕ್ಷಿಸಿದ; ಈ ಕೆಲಸದಲ್ಲಿ ಇಡೀ ಮನೆಯವರು ಕೈಜೋಡಿಸಿದ್ದರು. ಜಗತ್ತಿಗೆ ಅಷ್ಟು ದೊಡ್ಡ ಸಿದ್ಧಾಂತವನ್ನು ಕೊಟ್ಟ ಮನುಷ್ಯ ತನ್ನ ಕೊನೆಯ ವರ್ಷಗಳನ್ನು ಎರೆಹುಳುವಿಗೆ ಮೀಸಲಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಮಕ್ಕಳ ಕುತೂಹಲವೇ ನೆನಪಾಗುತ್ತದೆ. ಶಾಲೆಯ ಅಂಗಳದ ಒಂದು ಮೂಲೆಯಲ್ಲಿ ಬಿಳಿಯ ಬೆಣಚುಕಲ್ಲುಗಳನ್ನು ಹರಡಿ, ದಿನಾಂಕವನ್ನು ಬರೆದಿಟ್ಟು, ಈ ಪ್ರಯೋಗವನ್ನು ಯಾವ ಶಾಲೆಯೂ ಆರಂಭಿಸಬಹುದು. ಮುಂದಿನ ತಂಡದ ಮಕ್ಕಳು, ಅವರ ನಂತರದವರು, ಅದನ್ನು ಅಳೆಯುತ್ತ ಹೋಗಲಿ.

ಹುಳು ಮೇಲಕ್ಕೆ ತರುವ ಮಣ್ಣು ಮೊದಲೇ ಇದ್ದ ಮಣ್ಣು ಎಂಬುದನ್ನು ಮಾತ್ರ ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಬಂಡೆ ಶಿಥಿಲಗೊಂಡು ಹೊಸದಾಗಿ ಒಂದೇ ಒಂದು ಸೆಂಟಿಮೀಟರ್ ಮಣ್ಣು ಆಗಲು ನೂರಾರು ವರ್ಷ ಬೇಕು. ಒಂದು ಜೋರು ಮಳೆ ಬೋಳು ಇಳಿಜಾರಿನಿಂದ ಅದನ್ನು ಗಂಟೆಗಳಲ್ಲಿ ಕೊಚ್ಚಿಕೊಂಡು ಹೋಗಬಲ್ಲದು. ಹುಲ್ಲು ಬೆಳೆಸಿದ ಒಂದು ತಟ್ಟೆ, ಬರಿಯ ಮಣ್ಣು ತುಂಬಿದ ಇನ್ನೊಂದು ತಟ್ಟೆ, ಎರಡನ್ನೂ ಓರೆಯಾಗಿಟ್ಟು ಸಮನಾಗಿ ನೀರು ಸುರಿದು, ಕೆಳಗಿನ ಪಾತ್ರೆಗಳಲ್ಲಿ ಇಳಿದ ನೀರಿನ ಬಣ್ಣವನ್ನು ನೋಡಿದ ಮಗುವಿಗೆ ಮರಗಿಡಗಳನ್ನು ಉಳಿಸಿ ಎಂಬ ಘೋಷಣೆಯನ್ನು ಬರೆಯಿಸುವ ಅಗತ್ಯ ಬೀಳುವುದಿಲ್ಲ.

ಭೂವಿಜ್ಞಾನದಲ್ಲಿ ಮಕ್ಕಳಿಗೆ ಅತ್ಯಂತ ಕಠಿಣವಾದದ್ದು ಕಾಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಹೇಳಿದರೆ ಅದು ಕಿವಿಗೆ ಬಿದ್ದು ಜಾರಿಹೋಗುತ್ತದೆ, ದೊಡ್ಡವರಿಗೂ ಅಷ್ಟೆ. 45 ಮೀಟರಿಗಿಂತ ತುಸು ಉದ್ದದ ಹಗ್ಗವೊಂದನ್ನು ಮೈದಾನದಲ್ಲಿ ಎಳೆದು ಹಾಸಿ, ಒಂದು ಮೀಟರ್ ಎಂದರೆ ಹತ್ತು ಕೋಟಿ ವರ್ಷ ಎಂದು ಇಟ್ಟುಕೊಳ್ಳಿ. ಒಂದು ತುದಿ ಭೂಮಿಯ ಹುಟ್ಟು, ಇನ್ನೊಂದು ತುದಿ ಈ ಹೊತ್ತು. ಇಂದಿನ ತುದಿಯಿಂದ ಹಿಂದಕ್ಕೆ 35 ಮೀಟರ್ ನಡೆದರೆ ಜೀವದ ಹಳೆಯ ಕುರುಹುಗಳು. 24 ಮೀಟರಿನ ಹತ್ತಿರ ಗಾಳಿಯಲ್ಲಿ ಆಮ್ಲಜನಕ ತುಂಬತೊಡಗುವುದು. ಐದೂವರೆ ಮೀಟರಿನ ಆಸುಪಾಸಿನಲ್ಲಿ ಚಿಪ್ಪು ಕವಚಗಳುಳ್ಳ ನಾನಾ ಬಗೆಯ ಪ್ರಾಣಿಗಳು ಕಾಣಿಸಿಕೊಳ್ಳುವುದು. ಮಕ್ಕಳು ಬಹಳ ಪುರಾತನವೆಂದು ತಿಳಿದಿರುವ ಡೈನೋಸಾರ್‌ಗಳು ಎರಡು ಮೀಟರಿಗಿಂತ ಸ್ವಲ್ಪ ಹಿಂದೆ ಬಂದು, ಹಕ್ಕಿಗಳ ಕವಲೊಂದನ್ನು ಬಿಟ್ಟು, 66 ಸೆಂಟಿಮೀಟರಿನಲ್ಲಿ ಮುಗಿದುಹೋಗುತ್ತವೆ. ನಮ್ಮ ಜಾತಿಯ ಮನುಷ್ಯರ ಸುಮಾರು ಮೂರು ಲಕ್ಷ ವರ್ಷಗಳೆಲ್ಲ ಮೂರು ಮಿಲಿಮೀಟರಿನಲ್ಲಿ ಅಡಗುತ್ತವೆ. ಬೇಸಾಯದ ಸುಮಾರು ಹತ್ತು ಸಾವಿರ ವರ್ಷಗಳಿಗೆ ಸಿಗುವುದು ಒಂದು ಹಾಳೆಯ ದಪ್ಪದಷ್ಟು ಜಾಗ. ಹಗ್ಗದ ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ಹಾಳೆಯನ್ನು ಹಿಡಿದ ಮಕ್ಕಳು ತಟ್ಟನೆ ಸುಮ್ಮನಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಅಂಥ ಮೌನದಲ್ಲಿ ನಾವು ಮಾತು ತುಂಬಲು ಹೋಗಬಾರದು.

ಆದರೆ ಹಗ್ಗ ಒಂದು ಉಪಮಾನ ಮಾತ್ರ. ಇಷ್ಟು ಕಾಲ ಕಳೆದಿದೆಯೆಂದು ಹೇಗೆ ಗೊತ್ತು ಎಂದು ಒಂದು ಮಗುವಾದರೂ ಕೇಳುತ್ತದೆ, ಕೇಳಬೇಕು. ಆಗ ಸ್ಟೆನೋ ಮತ್ತು ಹಟನ್ ಇಬ್ಬರ ಕಥೆ ಕೈಯಲ್ಲಿರಲಿ. 1666ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಿಕೋಲಸ್ ಸ್ಟೆನೋ ಎಂಬ ಡೆನ್ಮಾರ್ಕಿನ ವೈದ್ಯ ದೊಡ್ಡ ಶಾರ್ಕ್ ಒಂದರ ತಲೆಯನ್ನು ಸೀಳಿ ಪರೀಕ್ಷಿಸಿದಾಗ, ಬಂಡೆಗಳಲ್ಲಿ ಸಿಗುತ್ತಿದ್ದ ನಾಲಗೆಯಾಕಾರದ ಕಲ್ಲುಗಳು ಶಾರ್ಕಿನ ಹಲ್ಲುಗಳೇ ಎಂದು ಕಂಡುಕೊಂಡ. ಹಾಗಿದ್ದರೆ ಗಟ್ಟಿ ಬಂಡೆಯೊಳಕ್ಕೆ ಹಲ್ಲು ಸೇರಿದ್ದು ಹೇಗೆ? ಬಂಡೆ ಒಂದು ಕಾಲದಲ್ಲಿ ಕೆಸರಾಗಿತ್ತು ಎಂಬುದೇ ಉತ್ತರ. ಪದರಗಳು ಮೊದಲು ಅಡ್ಡಲಾಗಿ ಕೂರುತ್ತವೆ, ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮಗಳನ್ನು ಅವನು 1669ರಲ್ಲಿ ಮುಂದಿಟ್ಟ. ಬಾಟಲಿಯಲ್ಲಿ ಪದರಗಳನ್ನು ನೋಡಿದ ಮಗುವಿಗೆ ಈ ನಿಯಮ ಹೊಸದೆನಿಸುವುದಿಲ್ಲ.

ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಇಬ್ಬರು ಗೆಳೆಯರೊಡನೆ ದೋಣಿಯಲ್ಲಿ ಸ್ಕಾಟ್ಲೆಂಡಿನ ಸಿಕರ್ ಪಾಯಿಂಟ್ ಎಂಬ ಕಡಲಂಚಿಗೆ ಹೋದ. ಅಲ್ಲಿ ಬೂದು ಬಣ್ಣದ ಪದರಗಳು ಬಹುಪಾಲು ನೆಟ್ಟಗೆ ನಿಂತಿವೆ. ಅವುಗಳ ಸವೆದ ತಲೆಗಳ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ತುಸುವೇ ವಾಲಿ ಮಲಗಿವೆ. ಕಡಲ ತಳದಲ್ಲಿ ಕೆಸರು ಪದರವಾಗಿ ಕೂತು, ಕಲ್ಲಾಗಿ, ಮಡಿಸಿಕೊಂಡು ಮೇಲೆದ್ದು, ಗಾಳಿ ನೀರಿಗೆ ಸವೆದು, ಆ ಸವೆದ ನೆಲದ ಮೇಲೆ ಮತ್ತೆ ಮರಳು ಕೂತು, ಅದೂ ಕಲ್ಲಾಗಿ ಇಡೀ ರಾಶಿ ಈಗಿನ ಎತ್ತರಕ್ಕೆ ಬರಬೇಕಾದರೆ ಎಷ್ಟು ಕಾಲ ಹಿಡಿದಿರಬೇಕು? ಜೊತೆಗಿದ್ದ ಜಾನ್ ಪ್ಲೇಫೇರ್, ಕಾಲದ ಆ ಆಳವನ್ನು ನೋಡಿ ತಲೆ ತಿರುಗಿದಂತಾಯಿತೆಂದು ನಂತರ ಬರೆದ. ಬಣ್ಣ ಬಣ್ಣದ ಜೇಡಿಯ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಕಡೆಯಿಂದ ಒತ್ತಿ ಮಡಿಸಿ, ಮೇಲ್ಭಾಗವನ್ನು ದಾರದಿಂದ ಕತ್ತರಿಸಿ ತೆಗೆದು, ಅದರ ಮೇಲೆ ಬೇರೆ ಬಣ್ಣದ ಹೊಸ ಪದರವನ್ನು ಹಾಸಿದರೆ ಸಿಕರ್ ಪಾಯಿಂಟ್ ಮೇಜಿನ ಮೇಲೆಯೇ ತಯಾರಾಗುತ್ತದೆ. ಒಬ್ಬರು ಹೀಗೆ ಮಾಡಿಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸಿ, ಇಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಓದಿಸುವ ಆಟ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಪದರಗಳು ಯಾವುದು ಹಿಂದು, ಯಾವುದು ಮುಂದು ಎಂದು ಹೇಳಬಲ್ಲವೇ ಹೊರತು ವರ್ಷಗಳ ಎಣಿಕೆಯನ್ನು ಕೊಡಲಾರವು. ಆ ಎಣಿಕೆ ಬಂದ ದಾರಿಯನ್ನು ಹಿರಿಯ ತರಗತಿಯ ಮಕ್ಕಳಿಗೆ ಅಗತ್ಯವಾಗಿ ಹೇಳಬೇಕು, ಏಕೆಂದರೆ ಭೂವಿಜ್ಞಾನ ಮತ್ತು ಪರಿಸರ ಎರಡು ಬೇರೆ ಪಾಠಗಳಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಸಿಗುವುದು ಕಷ್ಟ. ಯುರೇನಿಯಂ ನಿಧಾನವಾಗಿ ಸೀಸವಾಗಿ ಮಾರ್ಪಡುತ್ತದೆ; ಆ ವೇಗ ನಮಗೆ ತಿಳಿದಿದೆ. ಕ್ಲೇರ್ ಪ್ಯಾಟರ್ಸನ್ ಎಂಬ ಅಮೆರಿಕದ ವಿಜ್ಞಾನಿ ಭೂಮಿಯ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳಲ್ಲಿರುವ ಸೀಸದ ಬಗೆಗಳನ್ನು ಅಳೆದು, ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ಪ್ರಕಟಿಸಿದ. ಆದರೆ ಅಳೆಯಲು ಕೂತಾಗಲೆಲ್ಲ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಸೀಸ ಎಲ್ಲಿಂದಲೋ ಬಂದು ಸೇರುತ್ತಿತ್ತು. ಗಾಳಿಯಿಂದ, ಧೂಳಿನಿಂದ, ಬಟ್ಟೆಯಿಂದ, ಕೂದಲಿನಿಂದ ಬರುತ್ತಿದ್ದ ಅದನ್ನು ತಡೆಯಲು ಅವನು ಅತ್ಯಂತ ಶುದ್ಧವಾದ ಪ್ರಯೋಗಾಲಯವನ್ನೇ ಕಟ್ಟಬೇಕಾಯಿತು. ಈ ಸೀಸ ಇಷ್ಟೊಂದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನು ಸಮುದ್ರದ ಮೇಲ್ಪದರದ ನೀರನ್ನೂ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಪದರಗಳನ್ನೂ ಅಳೆದು, ಮನುಷ್ಯರು ಜಗತ್ತಿನ ಗಾಳಿಗೆ ಸೀಸವನ್ನು ಸುರಿಯುತ್ತಿದ್ದಾರೆ, ಅದರಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಪಾಲು ದೊಡ್ಡದು ಎಂದು ತೋರಿಸಿಕೊಟ್ಟ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ವಿಷ. ಪ್ರಬಲ ವಿರೋಧದ ನಡುವೆ ಅವನೂ ಇತರ ವಿಜ್ಞಾನಿಗಳೂ ವೈದ್ಯರೂ ದಶಕಗಟ್ಟಲೆ ಪಟ್ಟುಹಿಡಿದ ಮೇಲೆ ದೇಶಗಳು ಒಂದೊಂದಾಗಿ ಆ ಪೆಟ್ರೋಲನ್ನು ನಿಲ್ಲಿಸಿದವು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ ನಿಲ್ಲಿಸಿದ್ದು 2021ರಲ್ಲಿ. ಭೂಮಿಯ ವಯಸ್ಸನ್ನು ಕೇಳಲು ಹೋದವನು ಮಕ್ಕಳ ರಕ್ತದಲ್ಲಿನ ವಿಷದವರೆಗೆ ಬಂದ ಈ ಹಾದಿಯನ್ನು ಪಠ್ಯಪುಸ್ತಕಗಳು ಏಕೆ ಹೇಳುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಕಾಲದಂತೆಯೇ ಗಾತ್ರದ ಅಂದಾಜೂ ಮಕ್ಕಳಿಗೆ ತಪ್ಪಿರುತ್ತದೆ, ಮತ್ತು ಇದಕ್ಕೆ ನಮ್ಮ ಚಿತ್ರಗಳೇ ಹೆಚ್ಚಿನ ಹೊಣೆ. ಅಡ್ಡಗಲ 30 ಸೆಂಟಿಮೀಟರ್ ಇರುವ ಗೋಳವೊಂದನ್ನು ಎದುರಿಗಿಟ್ಟು ಲೆಕ್ಕ ಹಾಕಿದರೆ, ಎವರೆಸ್ಟ್ ಶಿಖರಕ್ಕೆ ಸಿಗುವ ಎತ್ತರ ಕಾಲು ಮಿಲಿಮೀಟರಿಗಿಂತ ಕಡಿಮೆ. ಮಳೆ, ಮೋಡ, ಬಿರುಗಾಳಿಗಳೆಲ್ಲ ನಡೆಯುವ ಗಾಳಿಯ ಕೆಳಪದರದ ಸರಾಸರಿ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಮುಟ್ಟುವುದಿಲ್ಲ. ಚಂದ್ರನನ್ನು ಇಡಬೇಕಾದದ್ದು ಅಲ್ಲಿಂದ ಒಂಬತ್ತು ಮೀಟರ್ ಆಚೆ, ಅಂದರೆ ಎಷ್ಟೋ ವೇಳೆ ತರಗತಿಯ ಕೋಣೆಯ ಹೊರಗೆ. ಗಾಳಿ ಎಷ್ಟು ತೆಳುವಾದ ಹೊದಿಕೆ ಎಂದು ಹೀಗೆ ಕಂಡುಕೊಂಡ ಮೇಲೆ, ಅದಕ್ಕೆ ನಾವು ಬಿಡುವ ಹೊಗೆಯ ಮಾತನ್ನು ಆಡುವುದು ಸುಲಭ.

ಹವಾಮಾನ ಬದಲಾವಣೆಯನ್ನು ಎಷ್ಟು ಚಿಕ್ಕ ಮಕ್ಕಳಿಗೆ, ಹೇಗೆ ಹೇಳಬೇಕು ಎಂದು ಸಭೆಯಲ್ಲಿ ಹಲವರು ಕೇಳಿದರು. ಆರೇಳು ವರ್ಷದ ಮಗುವಿಗೆ ಕರಗುವ ಹಿಮದ ಮೇಲೆ ನಿಂತ ಹಿಮಕರಡಿಯ ಚಿತ್ರವನ್ನು ತೋರಿಸಿ, ಭೂಮಿ ನಾಶವಾಗುತ್ತಿದೆ, ನೀನು ಉಳಿಸು ಎಂದು ಹೇಳುವುದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಆ ಮಗು ಹೊರಲಾರದ ಭಾರವನ್ನು ಅದರ ಹೆಗಲಿಗೇರಿಸಿದಂತಾಗುತ್ತದೆ. ಅಂಥ ಭಯದಿಂದ ಹಲವು ಮಕ್ಕಳು ಆ ವಿಷಯದಿಂದಲೇ ಮುಖ ತಿರುಗಿಸುತ್ತಾರೆ. ಆ ವಯಸ್ಸಿಗೆ ಒಂದು ಮರ, ಒಂದು ಹಳ್ಳ, ಮೋಡಗಳು, ಇರುವೆಯ ಸಾಲು ಇವುಗಳ ಒಡನಾಟ ಬೇಕು. ಹನ್ನೆರಡರ ಆಸುಪಾಸಿಗೆ ಬಂದ ಮಕ್ಕಳಿಂದ ಮಾತ್ರ ಯಾವುದನ್ನೂ ಮುಚ್ಚಿಡಬಾರದು, ಆದರೆ ಅಲ್ಲಿಯೂ ಮೊದಲು ಕೊಡಬೇಕಾದದ್ದು ಅಳತೆಗಳನ್ನು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ, ಭೂಮಿಯ ಶಾಖವನ್ನು ಹಿಡಿದಿಡುವ ಅನಿಲವಾದ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಎಷ್ಟಿದೆ ಎಂದು ಅಳೆಯತೊಡಗಿದಾಗ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಆ ರೇಖೆಯನ್ನು ಮಕ್ಕಳ ಕೈಯಲ್ಲಿ ಬರೆಸಿದರೆ ಅದು ಗರಗಸದ ಹಲ್ಲಿನಂತೆ ಏರಿಳಿಯುತ್ತ ಮೇಲೇರುವುದನ್ನು ನೋಡಿ, ಪ್ರತಿ ವರ್ಷ ಇಳಿಯುವುದೇಕೆ ಎಂದು ಅವರೇ ಕೇಳುತ್ತಾರೆ. ಉತ್ತರಾರ್ಧ ಗೋಳದ ಕಾಡು, ಹುಲ್ಲು, ಬೆಳೆಗಳು ಚಿಗುರಿ ಬೆಳೆಯುವ ತಿಂಗಳುಗಳಲ್ಲಿ ಆ ಅನಿಲವನ್ನು ಹೀರಿಕೊಳ್ಳುತ್ತವೆ, ಎಲೆಗಳು ಉದುರಿ ಕೊಳೆಯುವ ಕಾಲದಲ್ಲಿ ಅದು ಮತ್ತೆ ಗಾಳಿಗೆ ಸೇರುತ್ತದೆ. ಜಗತ್ತಿನ ಗಿಡಮರಗಳ ಉಸಿರಾಟ ಒಂದು ರೇಖೆಯಲ್ಲಿ ಕಾಣುತ್ತದೆ, ಅದರ ಜೊತೆಗೆ ನಾವು ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆಯ ಲೆಕ್ಕವೂ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಓಝೋನ್ ಪದರದಲ್ಲಿ ಆದ ರಂಧ್ರದಿಂದ ಬಿಸಿಲು ಒಳನುಗ್ಗಿ ಭೂಮಿ ಬಿಸಿಯಾಗುತ್ತಿದೆ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿಯೂ ದೊಡ್ಡವರಲ್ಲಿಯೂ ವ್ಯಾಪಕವಾಗಿದೆ. ಎರಡೂ ಬೇರೆ ಬೇರೆ ಸಂಗತಿಗಳು. ಓಝೋನಿನ ಕಥೆಯನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಅದು ಭರವಸೆಯ ಕಥೆ. ಅಂಟಾರ್ಕ್ಟಿಕದ ಮೇಲೆ ಓಝೋನ್ ತೀವ್ರವಾಗಿ ಕುಸಿಯುತ್ತಿರುವುದನ್ನು ಬ್ರಿಟನ್ನಿನ ಮೂವರು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಓಝೋನನ್ನು ನಾಶಮಾಡುವ ರಾಸಾಯನಿಕಗಳನ್ನು ಕೈಬಿಡಲು 1987ರಲ್ಲಿಯೇ ಮಾಂಟ್ರಿಯಲ್ ಒಪ್ಪಂದವಾಯಿತು. ಮುಂದೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅದನ್ನು ಒಪ್ಪಿದವು. ಈಗ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಅಳೆದವರು ಇದ್ದರು, ಅಳತೆಯನ್ನು ನಂಬಿದವರೂ ಇದ್ದರು.

ಭೂಮಿಯ ಪಾಠ ಜೀವ ಉಳಿಸುತ್ತದೆ ಎಂಬುದು ಅತಿಶಯದ ಮಾತಲ್ಲ. 2004ರ ಡಿಸೆಂಬರ್ 26ರಂದು ಥಾಯ್ಲೆಂಡಿನ ಫುಕೆಟ್ ದ್ವೀಪದ ಕಡಲತೀರವೊಂದರಲ್ಲಿ ರಜೆಗೆ ಬಂದಿದ್ದ ಹತ್ತು ವರ್ಷದ ಬ್ರಿಟಿಷ್ ಬಾಲಕಿಯೊಬ್ಬಳು, ಸಮುದ್ರದ ನೀರು ಅಸಹಜವಾಗಿ ನೊರೆಗಟ್ಟಿ ವರ್ತಿಸುತ್ತಿರುವುದನ್ನು ಕಂಡು, ಎರಡು ವಾರಗಳ ಹಿಂದೆ ಭೂಗೋಳದ ತರಗತಿಯಲ್ಲಿ ಕೇಳಿದ್ದ ಸುನಾಮಿಯ ಲಕ್ಷಣಗಳನ್ನು ನೆನಪಿಸಿಕೊಂಡು ಹಟ ಹಿಡಿದು ತಂದೆತಾಯಿಯನ್ನು ಎಚ್ಚರಿಸಿದಳು. ತೀರ ತೆರವಾಯಿತು, ಸುಮಾರು ನೂರು ಮಂದಿ ಉಳಿದುಕೊಂಡರು. ಅದೇ ದಿನ, ಆ ಸುನಾಮಿಯನ್ನು ಎಬ್ಬಿಸಿದ ಭೂಕಂಪದ ಕೇಂದ್ರಕ್ಕೆ ಬಹಳ ಹತ್ತಿರವಿದ್ದ ಇಂಡೋನೇಷ್ಯಾದ ಸಿಮೆಲುವೆ ದ್ವೀಪದಲ್ಲಿ ಸುಮಾರು 78,000 ಜನರ ಪೈಕಿ ಸತ್ತವರು ಏಳು ಮಂದಿ. 1907ರ ಸುನಾಮಿಯ ನೆನಪನ್ನು ಅಲ್ಲಿನ ಅಜ್ಜ ಅಜ್ಜಿಯರು ‘ಸ್ಮೋಂಗ್’ ಎಂಬ ಒಂದೇ ಪದದ ಸುತ್ತ ಕಥೆಯಾಗಿ, ಹಾಡಾಗಿ ಮೊಮ್ಮಕ್ಕಳಿಗೆ ದಾಟಿಸುತ್ತ ಬಂದಿದ್ದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ. ಇತರ ತೀರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ದಿನವದು. ಒಂದು ಕಡೆ ಶಾಲೆಯ ಪಾಠ, ಇನ್ನೊಂದು ಕಡೆ ಮನೆಯ ಹಿರಿಯರ ಮಾತು. ಎರಡೂ ಕಡೆ ಲಕ್ಷಣವನ್ನು ಗುರುತಿಸುವ ಬಗೆಯನ್ನು ಮಗುವಿಗೆ ಯಾರೋ ಹೇಳಿಕೊಟ್ಟಿದ್ದರು.

ನಾಳೆಯೇ ಆರಂಭಿಸುವುದಾದರೆ ಎಲ್ಲಿಂದ ಎಂದು ಕೊನೆಯಲ್ಲಿ ಒಬ್ಬ ತಂದೆ ಕೇಳಿದರು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೆಲವನ್ನು ಮಗುವೇ ಆರಿಸಿಕೊಳ್ಳಲಿ. ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಲಿ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆಯಲಿ, ಚಿತ್ರಿಸಲಿ: ಮೊಳೆತದ್ದು, ಒಣಗಿದ್ದು, ತೆವಳಿದ್ದು, ಮಣ್ಣಿನ ತೇವ, ನೆರಳು. ಪಕ್ಕದಲ್ಲಿ ನೇರ ಬದಿಗಳುಳ್ಳ ಪಾತ್ರೆಯೊಂದನ್ನು ಮಳೆಮಾಪಕವಾಗಿ ಇಡಲಿ. ಒಂದು ಮಿಲಿಮೀಟರ್ ಮಳೆ ಆ ಒಂದು ಚದರ ಮೀಟರಿನ ಮೇಲೆ ಸುರಿಸುವುದು ಸರಿಯಾಗಿ ಒಂದು ಲೀಟರ್ ನೀರನ್ನು. ಇದನ್ನು ತಿಳಿದ ಮಗು ತನ್ನ ಮನೆಯ ಚಾವಣಿಯ ಮೇಲೆ ಎಷ್ಟು ಬಿತ್ತು, ಅದು ಎಲ್ಲಿಗೆ ಹರಿದುಹೋಯಿತು ಎಂದು ತಾನಾಗಿಯೇ ಲೆಕ್ಕ ಹಾಕತೊಡಗುತ್ತದೆ. ಇಂಥ ಸಾಮಾನ್ಯ ದಾಖಲೆಗಳ ಬೆಲೆ ಕಾಲ ಕಳೆದಂತೆ ಏರುತ್ತದೆ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಮರಗಳು ಪೂರ್ತಿಯಾಗಿ ಅರಳಿದ ದಿನವನ್ನು ಒಂಬತ್ತನೆಯ ಶತಮಾನದಿಂದ ಜನ ತಮ್ಮ ದಿನಚರಿಗಳಲ್ಲಿ ಬರೆದಿಟ್ಟಿದ್ದರು. 2021ರಲ್ಲಿ ಮಾರ್ಚ್ 26ಕ್ಕೇ ಅವು ಅರಳಿದಾಗ, ಅಲ್ಲಿಯವರೆಗಿನ 1,200 ವರ್ಷಗಳ ದಾಖಲೆಯಲ್ಲಿಯೇ ಅದು ಅತ್ಯಂತ ಬೇಗನೆಯ ದಿನವೆಂದು ಹೇಳಲು ಸಾಧ್ಯವಾದದ್ದು ಆ ಬರಹಗಳಿಂದ. ಹವಾಮಾನವನ್ನು ಅಭ್ಯಾಸ ಮಾಡುತ್ತಿದ್ದೇವೆಂದು ಆ ದಿನಚರಿಕಾರರಿಗೆ ಗೊತ್ತಿರಲಿಲ್ಲ. ಹೂವಿನ ದಿನವನ್ನು ತಪ್ಪದೆ ಬರೆದಿದ್ದರು, ಅಷ್ಟೆ.

ಮಗುವಿನ ಪುಸ್ತಕದಲ್ಲಿ ಪ್ರತಿ ಪುಟದ ಮೇಲೆ ದಿನಾಂಕವಿರಲಿ, ಮತ್ತು ಅಳತೆ ತಪ್ಪಾಯಿತೆಂದು ಅನಿಸಿದಾಗ ಅದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯುವ ರೂಢಿ ಮೊದಲ ದಿನದಿಂದಲೇ ಬರಲಿ. ಗೂಟ ಹೊಡೆಯುವಾಗ ನೀವು ಪಕ್ಕದಲ್ಲಿರಿ. ಏನನ್ನು ನೋಡಬೇಕೆಂದು ಮಾತ್ರ ಮೊದಲೇ ಹೇಳಬೇಡಿ.